ಸವತಿ ಟಾಕು

ಅಕ್ಕೋಳದಲ್ಲಿ ಯಾರ ಮನೆಯ ಲಗ್ನ ಗೊತ್ತಾದರೂ ಮೊದಲ ಸುದ್ದಿ ಹೋಗುತ್ತಿದ್ದುದು ಸಕ್ಕುಬಾಯಿಗೆ. ಮದುಮಗಳ ಸಾಮಾನು ಆರಿಸಲು ಅವಳ ಕೈಯೇ ಬೇಕು. ಹಸಿರು ಬಳೆಯನ್ನು ಒಂದೊಂದಾಗಿ ಉಗುರಿನಿಂದ ಬಡಿದು ಸದ್ದು ಕೇಳುವಳು, ಸೀಳು ಬಿಟ್ಟದ್ದನ್ನು ಬಳೆಗಾರನ ಮುಖಕ್ಕೇ ಹಿಡಿಯುವಳು. ಅರಿಷಿಣ ಕೊಂಬಿಗೆ ಮೂರು ಕವಲಿರಬೇಕು, ಕೊಬ್ಬರಿ ಬಟ್ಟಲಿಗೆ ಹುಳ ಹತ್ತಿರಬಾರದು, ಬಾಸಿಂಗದ ಒಂದು ಮಣಿಯೂ ಉದುರಿರಬಾರದು. ಕಂಕಣದ ದಾರವನ್ನಂತೂ ಅಂಗಡಿಯಿಂದ ತರಲು ಬಿಡುತ್ತಲೇ ಇರಲಿಲ್ಲ. ಕರಿ ಕುರಿಮರಿಯ ಮೊದಲ ಉಣ್ಣೆ ತಂದು ತನ್ನ ತೊಡೆಯ ಮೇಲೆ ತಾನೇ ಹೊಸೆಯುವಳು. "ನೀ ಸಾಮಾನ ಆರಸೂದ್ರಾಗ ಹುಡುಗಿ ಮುದಕಿ ಆಗ್ತಾಳ ಬೇ" ಎಂದು ಹೆಂಗಸರು ಚೇಷ್ಟೆ ಮಾಡುತ್ತಿದ್ದರು. ಮಾಡಲಿ. ಅವಳು ಆರಿಸಿಕೊಟ್ಟ ಸಾಮಾನಿನಲ್ಲಿ ಲಗ್ನವಾದ ನಲವತ್ತು ಹುಡುಗಿಯರಲ್ಲಿ ಒಬ್ಬಳೂ ಅಳುತ್ತ ತವರಿಗೆ ಬಂದಿಲ್ಲ ಅನ್ನುವುದು ಊರ ಮಾತು. ಅದೆಷ್ಟು ಖರೆಯೋ ಆ ಬೀರದೇವರಿಗೇ ಗೊತ್ತು. ಸಕ್ಕುಬಾಯಿ ಮಾತ್ರ ಅದನ್ನು ನಂಬಿಕೊಂಡಿದ್ದಳು.

ಈ ಸಲ ಸ್ವಂತ ಮಗಳ ಸಾಮಾನು. ರಾಜೇಶ್ವರಿಗೆ ಇಪ್ಪತ್ಮೂರು. ಹೊಲಿಗೆ ಕಲಿತ ಹುಡುಗಿ, ಅರ್ಧ ಊರಿನ ಕುಬಸ ಅವಳ ಮಶೀನಿನಿಂದಲೇ ಹೋಗುತ್ತಿದ್ದವು. ಅವಳಿಗೆ ವರ ಹುಡುಕುವುದು ಕಷ್ಟವಿರಲಿಲ್ಲ. ಕಷ್ಟವಿದ್ದುದು ಅವಳ ಅಣ್ಣ ಬೀರದೇವನದು. ಮೂವತ್ತೈದು ತುಂಬಿತ್ತು, ತಲೆಯ ನಡುವೆ ಕೂದಲು ಹೋಗಿತ್ತು. ಹೆಣ್ಣು ಕೇಳಲು ಹೋದಲ್ಲೆಲ್ಲ ಒಂದೇ ಪ್ರಶ್ನೆ: "ಹುಡುಗ ಏನ ಮಾಡ್ತಾನ್ರಿ?" ಅರವತ್ತು ಕುರಿ, ಒಂದೂವರೆ ಎಕರೆ ಎಂದರೆ ಮುಗಿಯಿತು, ಚಹಾ ಕೂಡ ಅರ್ಧ ಕಪ್ಪು ಬರುತ್ತಿತ್ತು. ಈಗಿನ ಹುಡುಗಿಯರಿಗೆ ಕುರಿಯ ವಾಸನೆ ಬೇಡ. ಅವರದಾದರೂ ತಪ್ಪೇನು? ಆ ವಾಸನೆಯಲ್ಲಿ ಮೂವತ್ತೆಂಟು ವರ್ಷ ಕಳೆದ ಸಕ್ಕುಬಾಯಿಯೇ ಒಮ್ಮೊಮ್ಮೆ ಮೂಗು ಮುಚ್ಚಿಕೊಳ್ಳುತ್ತಿದ್ದಳು.

ಹೀಗಿರುವಾಗ ಸಮಾಧಾನ ಎನ್ನುವ ಸೋಯರಿಕೆಯ ದಲ್ಲಾಳಿ ಒಂದು ದಾರಿ ತಂದ. ಹೆಣ್ಣು ಕೊಟ್ಟು ಹೆಣ್ಣು ತರುವುದು. ದಿಗ್ಗೇವಾಡಿಯಲ್ಲಿ ಇವರದೇ ಕುಲದ ಮನೆ, ಹೊಳೆಯ ದಂಡೆಗೆ ಮೂರು ಎಕರೆ ಕಬ್ಬು. ಮಗ ಮಾಳೇಶ. ಅವನ ಹೆಂಡತಿ ಮನೀಷಾ ಕಾಮಣಿ ರೋಗವಾಗಿ ತೀರಿಕೊಂಡು ಎರಡು ವರ್ಷ. ರಾಜೇಶ್ವರಿಯನ್ನು ಅವನಿಗೆ ಕೊಟ್ಟರೆ ಅವನ ತಂಗಿಯನ್ನು ಬೀರದೇವನಿಗೆ ಕೊಡುತ್ತಾರೆ. ಒಂದೇ ಹಂದರ, ಎರಡು ಲಗ್ನ. ಸಕ್ಕುಬಾಯಿಯ ಗಂಡ ಬಾಳಾಸಾಬ ಎರಡನೇ ಮಾತಾಡದೆ ಒಪ್ಪಿದ. ರಾಜೇಶ್ವರಿ ಒಂದು ದಿನ ಸುಮ್ಮನಿದ್ದು, ಮರುದಿನ ಮಶೀನು ತುಳಿಯುತ್ತಲೇ, "ಹೆಂಡ್ತಿ ಸತ್ರ ಅವಂದೇನ ತಪ್ಪವ್ವಾ? ಅಣ್ಣನ ಮನಿ ಆಗ್ತೈತಲ್ಲ, ಹೂಂ ಅನ್ನು" ಎಂದಳು. ಸಕ್ಕುಬಾಯಿ ಹೂಂ ಅಂದಳು.

ಎರಡನೇ ಸಂಬಂಧಕ್ಕೆ ಹೋಗುವ ಹುಡುಗಿಗೆ ಉಳಿದ ಸಾಮಾನಿನ ಜೊತೆ ಇನ್ನೊಂದು ಬೇಕು, ಸವತಿ ಟಾಕು. ಹೆಬ್ಬೆರಳಿನ ಉಗುರಿನಷ್ಟು ಬೆಳ್ಳಿಯ ತಗಡು, ಅದರ ಮೇಲೆ ಸೀರೆಯುಟ್ಟ ಹೆಣ್ಣಿನ ಗುರುತು. ಸತ್ತ ಹೆಂಡತಿಯೇ ಅದರಲ್ಲಿ ಬಂದು ಕೂರುತ್ತಾಳೆ. ಹೊಸಬಳು ತಾಳಿಯ ಜೊತೆ ಅದನ್ನೂ ಕೊರಳಿಗೆ ಕಟ್ಟಿಕೊಂಡು, ಅಮಾವಾಸ್ಯೆಗೊಮ್ಮೆ ಎಡೆ ಇಟ್ಟರೆ ಅವಳು ಮನೆಯನ್ನು ಕಾಯುತ್ತಾಳೆ, ಇಲ್ಲವಾದರೆ ಕಾಡುತ್ತಾಳೆ. ಟಾಕಿನ ಬೆಳ್ಳಿ ಸತ್ತವಳು ಮೈಮೇಲೆ ಹಾಕಿದ್ದ ಒಡವೆಯದೇ ಆಗಬೇಕು. ಮಾಡಿಸಿ ತರುವವಳು ಹೊಸ ಸೊಸೆಯ ತಾಯಿ. ಸತ್ತವಳಿಗೂ ಒಂದು ತವರು ಬೇಕಲ್ಲ, ಅದಕ್ಕೆ.

ಲಗ್ನ ನಿಶ್ಚಯದ ಸಾಕರಪುಡಾದ ದಿನ ಮಾಳೇಶನ ತಾಯಿ ಚಂದ್ರಮತಿ ಹಳದಿ ಬಟ್ಟೆಯ ಗಂಟೊಂದನ್ನು ಸಕ್ಕುಬಾಯಿಯ ಉಡಿಯಲ್ಲಿಟ್ಟಿದ್ದಳು. "ಬೀಗತೀ, ಇದನ್ನ ನೀವು ಬಿಚ್ಚಬ್ಯಾಡ್ರಿ. ಪತ್ತಾರ ಬಿಚ್ಚಿ ಹಂಗ ಮೂಸಿಗೆ ಹಾಕಲಿ. ಒಂದ ಗುಂಜಿನೂ ಹೊರಗ ಉಳೀಬಾರದು, ನೋಡ್ರಿ ಮತ್ತ." ಹೇಳುವಾಗ ಅವಳ ಕೈ ನಡುಗುತ್ತಿತ್ತು. ಸತ್ತ ಸೊಸೆಯ ನೆನಪಿಗೆ ಪಾಪ ಎಂದುಕೊಂಡಳು ಸಕ್ಕುಬಾಯಿ. ತಾನೆಂಥ ಹುಚ್ಚಿ!

ಲಗ್ನಕ್ಕೆ ಹನ್ನೆರಡು ದಿನ ಉಳಿದಿರುವಾಗ ಅವಳು ಚಿಕ್ಕೋಡಿಗೆ ಹೋದಳು. ಕಬ್ಬಿನ ಟ್ರಾಲಿಗಳ ಹಿಂದೆ ಬಸ್ಸು ತೆವಳಿ ಮುಟ್ಟುವಷ್ಟರಲ್ಲಿ ಮಧ್ಯಾಹ್ನ. ಬಳೆ ಆರಿಸಿದಳು, ಬಾಸಿಂಗ ಆರಿಸಿದಳು, ಉಡಿ ತುಂಬಲು ಉತ್ತತ್ತಿ ಆರಿಸಿದಳು. ಇಪ್ಪತ್ತೊಂದು ಬಳೆಗೆ ಐವತ್ತು ಬಳೆ ಬಡಿದು ನೋಡಿದಳು. ಕೊನೆಗೆ ಬೆಳ್ಳಿ ಕೆಲಸದ ಗುರಪ್ಪ ಪತ್ತಾರನ ಅಂಗಡಿಯ ಹಲಗೆಯ ಮೇಲೆ ಕುಳಿತು, ಸತ್ತ ಮನೀಷಾಳ ಹೆಸರಿನ ಟಾಕು ಆಗಬೇಕೆಂದು ಹೇಳಿ ಗಂಟು ಕೊಟ್ಟಳು.

ಗುರಪ್ಪ ಎಪ್ಪತ್ತರ ಮುದುಕ. ಸಕ್ಕುಬಾಯಿ ಸಾಮಾನು ಆರಿಸಿಕೊಟ್ಟ ನಲವತ್ತೂ ಹುಡುಗಿಯರ ಕಾಲುಂಗುರ ಮಾಡಿಕೊಟ್ಟವನು ಅವನೇ. "ಕಡೀಗೂ ನಿನ್ನ ಮಗಳ ಪಾಳಿ ಬಂತಲ್ಲ ತಂಗಿ" ಎಂದು ನಗುತ್ತ ಗಂಟು ಬಿಚ್ಚಿದ. ಬಿಚ್ಚಿದವನ ನಗು ನಿಂತಿತು. ಕರಗಿಸುವ ಮೂಸೆಗೆ ಹಾಕುವುದನ್ನು ಬಿಟ್ಟು ಒಂದೊಂದನ್ನೇ ಎತ್ತಿ ಬಿಳಿ ಕಾಗದದ ಮೇಲೆ ಇಟ್ಟ. ಕಾಲ್ಚೈನು. ಎರಡು ಜೊತೆ ಕಾಲುಂಗುರ. ಕೊನೆಯಲ್ಲಿ ಕರಿ ದಾರಕ್ಕೆ ಪೋಣಿಸಿದ ಒಂದು ಪುಟ್ಟ ತಗಡು.

"ತಂಗಿ, ಆ ಹುಡುಗಗ ಇದು ಎಷ್ಟನೇ ಲಗ್ನ?"

"ಎರಡನೇದ್ರಿ ಅಣ್ಣಾರ. ಹೇಳಿದ್ನೆಲ್ಲ."

"ಅಲ್ಲ."

ಅವನು ತಗಡನ್ನು ಅವಳ ಅಂಗೈಗಿಟ್ಟ. ಸೀರೆಯುಟ್ಟ ಹೆಣ್ಣು. ಸವೆದು ಮುಖ ನುಣುಪಾಗಿತ್ತು, ಎರಡು ಕಣ್ಣಿನ ಚುಕ್ಕೆ ಮಾತ್ರ ಉಳಿದಿದ್ದವು. ಹಿಂದೆ ಮೊಳೆಯಿಂದ ಗೀಚಿದ ಅಕ್ಷರ ಗುರಪ್ಪನೇ ಓದಿದ: ಸೌಂದರ್ಯಾ.

"ಇದು ಸವತಿ ಟಾಕು. ಸತ್ತ ಮನೀಷಾ ಅನ್ನೂ ಹುಡುಗಿ ಕೊಳ್ಳಾಗ ಇದ್ದದ್ದು. ಅಂದ್ರ ಆಕಿಗೂ ಒಬ್ಬಾಕಿ ಸವತಿ ಇದ್ಲು, ಆಕಿನೂ ಸತ್ತಿದ್ಲು. ನಿನ್ನ ಮಗಳು ಮೂರನೇದಾಕಿ, ಸಕ್ಕುಬಾಯಿ."

ಸಕ್ಕುಬಾಯಿ ಏನಾದರೂ ಹೇಳಬೇಕೆಂದು, "ಇರಬಹುದ್ರಿ, ಹೇಳೂದು ಮರತಿರಬಹುದು" ಎಂದಳು. ಹೆಣ್ಣೊಂದು ಸತ್ತದ್ದನ್ನು ಯಾರು ಮರೆಯುತ್ತಾರೆ? ಹೇಳಿದ ಮೇಲೆ ಅವಳಿಗೇ ನಾಚಿಕೆಯಾಯಿತು.

ಗುರಪ್ಪ ಕಾಲುಂಗುರದ ಒಂದು ಜೊತೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಹುಣಸೆಹಣ್ಣಿನಿಂದ ಉಜ್ಜಿ ಬೆಳ್ಳಗೆ ಮಾಡಿದ್ದರು. ಆದರೆ ಮೇಲಿನ ಹೂವಿಗೆ ತುಂಬಿದ ಹಸಿರು ಮೀನಾದ ಗಾಜುಬಣ್ಣ ಬೊಬ್ಬೆಯೆದ್ದು, ಒಡೆದು, ಇದ್ದಿಲಿನ ಬಣ್ಣಕ್ಕೆ ತಿರುಗಿತ್ತು. "ನಿಮ್ಮಲ್ಲಿ ಸತ್ತವರನ್ನ ಸುಡ್ತೀರೇನು?" ಎಂದು ಕೇಳಿದ.

"ಇಲ್ರಿ. ನಮ್ಮಲ್ಲಿ ಮಣ್ಣ ಕೊಡ್ತೀವಿ. ಅಜ್ಜ ಮುತ್ತ್ಯಾನ ಕಾಲದಿಂದ ಯಾರನ್ನೂ ಸುಟ್ಟಿಲ್ಲ."

"ಹಂಗಾದ್ರ ಈ ಬೆಳ್ಳಿ ಬೆಂಕಿ ಯಾವಾಗ ಕಂಡಿತು?"

ಅವಳಿಗೆ ತಿಳಿಯಿತು. ಕಾಲು ಬೆರಳಿನ ತನಕ ಬೆಂಕಿ ಇಳಿದಿತ್ತು, ಆಗ ಆ ಹುಡುಗಿ ಉಂಗುರ ಹಾಕಿಕೊಂಡೇ ಇದ್ದಳು. ಎಲ್ಲಿಯ ಕಾಮಣಿ, ಎಲ್ಲಿಯ ಔಷಧ! ಸಕ್ಕುಬಾಯಿ ಬಳೆಯ ಪೊಟ್ಟಣವನ್ನು ಎದೆಗೆ ಒತ್ತಿಕೊಂಡು ಕುಳಿತಳು. ಆಮೇಲೆ ಎಲ್ಲವನ್ನೂ ಮತ್ತೆ ಗಂಟು ಕಟ್ಟಿಸಿಕೊಂಡು ಎದ್ದಳು.

ಸಂಜೆ ಬಾಳಾಸಾಬ ಕುರಿಗಳನ್ನು ಹಟ್ಟಿಗೆ ಕೂಡುತ್ತಿದ್ದ. ಅವನ ಎದುರಿಗೇ ಗಂಟು ಬಿಚ್ಚಿ ಟಾಕು ತೋರಿಸಿದಳು, ಉಂಗುರ ತೋರಿಸಿದಳು, ಗುರಪ್ಪ ಹೇಳಿದ್ದೆಲ್ಲ ಹೇಳಿದಳು. ಅವನು ಬೆಚ್ಚಿಬೀಳುತ್ತಾನೆ, ಕೋಲು ಹಿಡಿದು ದಿಗ್ಗೇವಾಡಿಗೆ ಓಡುತ್ತಾನೆ ಎಂದುಕೊಂಡಿದ್ದಳು. ಅವನು ಹಟ್ಟಿಯ ಬಾಗಿಲಿಗೆ ಅಗಳಿ ಹಾಕಿ, ಕೈ ಝಾಡಿಸಿಕೊಂಡು, "ಆ ಮುದುಕಿಗೆ ಬುದ್ಧಿ ಇಲ್ಲ. ಟಾಕ ಯಾಕ ಗಂಟಿನ್ಯಾಗ ಇಟ್ಲು?" ಎಂದ.

"ನಿಮಗ ಗೊತ್ತಿತ್ತೇನು?"

"ಸಮಾಧಾನ ಹೇಳಿದ್ದ. ಹೆಂಗಸರಿಗೆ ಹೇಳೂದು ಬ್ಯಾಡ ಅಂದೆ. ಮೊದಲನೇಕಿ ಬಾವ್ಯಾಗ ಕಾಲ ಜಾರಿ ಬಿದ್ಲು. ಎರಡನೇಕಿ ಸೀರಿಗೆ ಒಲಿ ಹತ್ತಿತು. ಕೇಸ ಆಗಿತ್ತು, ಕೋರ್ಟಿನ್ಯಾಗ ಬಿಟ್ಟಾರ. ಕೋರ್ಟಿಗಿಂತ ನೀ ಶ್ಯಾಣ್ಯಾಕೇನು?"

"ರೀ, ಹಾದ್ಯಾಗ ಹೋಗೂ ಮಾರೀನ ಮನಿಗೆ ಕರದಂಗ ಆತಲ್ರಿ! ಅಕಿ ನಿಮ್ಮ ಹೊಟ್ಟ್ಯಾಗ ಹುಟ್ಟಿದ ಮಗಳ್ರಿ!"

"ಇವಾ ಯಾರ ಹೊಟ್ಟ್ಯಾಗ ಹುಟ್ಟ್ಯಾನ?" ಎಂದು ಬಾಳಾಸಾಬ ಗದರಿ ಕೈ ತೋರಿಸಿದ.

ಬೀರದೇವ ಹಟ್ಟಿಯ ಆಚೆ ನಿಂತಿದ್ದ. ತೋಳಲ್ಲಿ ಎರಡು ದಿನದ ಮರಿ. ಎಲ್ಲವನ್ನೂ ಕೇಳಿಸಿಕೊಂಡಿದ್ದ. ಲಗ್ನಕ್ಕೆಂದು ನಿಪ್ಪಾಣಿಯಲ್ಲಿ ಕೂದಲಿಗೆ ಕಪ್ಪು ಬಣ್ಣ ಹಚ್ಚಿಸಿಕೊಂಡು ಬಂದಿದ್ದ, ಕಿವಿಯ ಹಿಂದೆ ಅದರ ಕಲೆ ಇನ್ನೂ ಇತ್ತು. ಲಗ್ನ ಬೇಡ ಎಂದು ಅವನ ಬಾಯಿಂದ ಒಂದು ಮಾತು ಬರಲಿ ಎಂದು ಸಕ್ಕುಬಾಯಿ ಕಾದಳು. ಅವನು ಮರಿಯನ್ನು ನೆಲಕ್ಕೆ ಬಿಟ್ಟು ಬಾವಿಯ ಕಡೆ ನಡೆದುಬಿಟ್ಟ. ಆ ಹೊತ್ತು ಅವಳಿಗೆ ಗಂಡನಿಗಿಂತ ಮಗನ ಮೇಲೆ ಹೆಚ್ಚು ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚು ಮರುಕ ಬಂತು.

ರಾಜೇಶ್ವರಿಗೂ ಹೇಳಿದಳು. ಹುಡುಗಿ ಮಶೀನಿನ ಚಕ್ರದ ಮೇಲೆ ಕೈ ಇಟ್ಟುಕೊಂಡು ಕೇಳಿದಳು. ಮುಖ ಸುಣ್ಣದಂತಾಯಿತು. ಅತ್ತರೆ ಅಪ್ಪಿಕೊಳ್ಳಬಹುದಿತ್ತು. ಅವಳು ಅಳಲಿಲ್ಲ.

"ಪತ್ರಿಕಾ ಹಂಚೇವಿ ಅವ್ವಾ. ಈಗ ಮುರದ್ರ ಅಣ್ಣಗ ಈ ಜನ್ಮದಾಗ ಹೆಣ್ಣ ಸಿಗೂದಿಲ್ಲ. ನಾ ಹುಷಾರಿ ಇರ್ತೀನಿ. ಬಾವಿ ಕಡೆ ಹೋಗೂದಿಲ್ಲ. ಗ್ಯಾಸಿನ ಮ್ಯಾಲ ಅಡಗಿ ಮಾಡ್ತೀನಿ."

"ಹುಷಾರಿ ಇದ್ರ ಬದುಕ್ತಿದ್ರೇನ ಅವರು?"

"ಎಲ್ಲಾರೂ ಸಾಯೂದಿಲ್ಲವ್ವಾ" ಎಂದು ಹುಡುಗಿ ಮತ್ತೆ ಮಶೀನು ತುಳಿಯತೊಡಗಿದಳು. ಹೊಲಿಯುತ್ತಿದ್ದುದು ತನ್ನ ಅರಿಷಿಣದ ದಿನದ ಕುಬಸ.

ನಾಲ್ಕು ದಿನ ಸಕ್ಕುಬಾಯಿಗೆ ಅನ್ನ ಸೇರಲಿಲ್ಲ. ಸಮಾಧಾನನಿಗೆ ಫೋನು ಮಾಡಿದರೆ ಅವನು, "ಅಕ್ಕಾರ, ಶುಭಕಾರ್ಯದಾಗ ಇಂಥ ಮಾತ್ಯಾಕ?" ಎಂದು ಕಟ್ ಮಾಡಿದ. ಗಂಡ ಒಪ್ಪಿದ್ದ, ಮಗ ಸುಮ್ಮನಿದ್ದ, ಸ್ವತಃ ಮಗಳೇ ಹೋಗುತ್ತೇನೆ ಅನ್ನುತ್ತಿದ್ದಳು, ಕೋರ್ಟು ಮುಗಿದಿತ್ತು. ಜೀವಂತ ಇರುವವರಲ್ಲಿ ಯಾರ ಕಾಲು ಹಿಡಿಯಲಿ?

ಐದನೆಯ ದಿನ ಉಣ್ಣೆ ಹೊಸೆಯುತ್ತ ಕುಳಿತಾಗ ಗಂಡನ ಪ್ರಶ್ನೆಯೇ ನೆನಪಾಯಿತು. ಆ ಮುದುಕಿ ಟಾಕನ್ನು ಗಂಟಿನಲ್ಲಿ ಯಾಕೆ ಇಟ್ಟಳು? ಹೊಳೆಗೆ ಎಸೆದಿದ್ದರೆ ಮುಗಿಯುತ್ತಿತ್ತು. ಎಸೆಯಲಿಲ್ಲ. ಸಕ್ಕುಬಾಯಿಯ ಕೈಯ ದಾರ ನಿಂತಿತು. ಎಸೆಯಲು ಅವಳಿಗೆ ಧೈರ್ಯವಿಲ್ಲ! ಬೀಗರಿಗೆ ಸುಳ್ಳು ಹೇಳಿದಳು, ಕೋರ್ಟಿಗೆ ಸುಳ್ಳು ಹೇಳಿದಳು, ಸತ್ತ ಸೊಸೆಯರಿಗೆ ಮಾತ್ರ ಸುಳ್ಳು ಹೇಳಲು ಹೆದರಿದಳು. ಮೊದಲನೆಯವಳನ್ನು ಹೊರಗಿಟ್ಟರೆ ಕಾಡುತ್ತಾಳೆಂದು ಗುಟ್ಟಾಗಿ ಅವಳನ್ನೂ ಸೇರಿಸಿ ಕರಗಿಸಲು ಕಳಿಸಿದ್ದಳು. ಆ ಮನೆ ಅಂಜುವುದು ಸತ್ತವರಿಗೆ ಮಾತ್ರ. ಸಕ್ಕುಬಾಯಿ ಎದ್ದು, ಟ್ರಂಕಿನ ತಳದಿಂದ ರಾಜೇಶ್ವರಿ ಕೂಸಾಗಿದ್ದಾಗ ಹಾಕುತ್ತಿದ್ದ ಬೆಳ್ಳಿಯ ಕಾಲ್ಗಡಗ ತೆಗೆದು, ಹಳದಿ ಗಂಟಿನ ಜೊತೆ ಸೆರಗಿಗೆ ಕಟ್ಟಿಕೊಂಡು ಚಿಕ್ಕೋಡಿಯ ಬಸ್ಸು ಹತ್ತಿದಳು.

"ಒಂದ ತಗಡಿನ ಮ್ಯಾಲ ಮೂರು ಹೆಣ್ಣು ಹೊಡೀರಿ" ಎಂದಳು ಗುರಪ್ಪನಿಗೆ. "ಎರಡಕ್ಕ ಅವರ ಬೆಳ್ಳಿ. ಮೂರನೇದಕ್ಕ ಈ ಕಡಗ."

ಗುರಪ್ಪ ಕಡಗವನ್ನು ಮುಟ್ಟಲಿಲ್ಲ. "ಹುಚ್ಚು ಹಿಡದೈತೇನ ನಿಂಗ? ಜೀವಂತ ಇದ್ದಾಕಿನ್ನ ಟಾಕಿನ್ಯಾಗ ಕೂಡ್ರಸ್ತಾರೇನು? ಐವತ್ತು ವರ್ಷ ಈ ಕೆಲಸ ಮಾಡೀನಿ, ಇಂಥ ಪಾಪ ಮಾಡಿಲ್ಲ."

"ಹಂಗಾದ್ರ ಅಕಿ ಸತ್ತ ಮ್ಯಾಲ ಬರ್ಲೇನ್ರಿ ಅಣ್ಣಾರ? ಇನ್ನ ನಾಕೈದು ವರ್ಷ ತಡೀತೀರೇನು?"

ಮುದುಕ ಕುಲುಮೆಯ ಕಡೆ ತಿರುಗಿದ. ನಲವತ್ತು ಹುಡುಗಿಯರಿಗೆ ಕುಂದಿಲ್ಲದ ಸಾಮಾನು ಆರಿಸಿದ ಹೆಂಗಸು ತನ್ನ ಮಗಳಿಗೇ ಹೆಣದ ಗುರುತು ಮಾಡಿಸಲು ಬಂದಿದ್ದಾಳೆ. ಅವನ ಕಣ್ಣಲ್ಲಿ ನೀರು ಬಂತು. ಸಕ್ಕುಬಾಯಿಗೆ ಬರಲಿಲ್ಲ. ಕೊನೆಗೆ ಅವನು ಕಡಗ ಎತ್ತಿಕೊಂಡು, "ಮಾಡ್ತೀನಿ. ಆದ್ರ ಮೂರನೇದಾಕಿಗೆ ಕಣ್ಣ ಹೊಡಿಯೂದಿಲ್ಲ. ಕಣ್ಣ ಹೊಡದ್ರ ಜೀವ ಅದರಾಗ ಹೋಗ್ತೈತಿ. ಇಷ್ಟ ನನ್ನ ಮಾತ ಕೇಳು" ಎಂದ. ಅವಳು ತಲೆಯಾಡಿಸಿದಳು.

ಲಗ್ನದ ಹಿಂದಿನ ದಿನ ಬೆಳಿಗ್ಗೆ ಅಕ್ಕೋಳದ ಹಂದರದಲ್ಲಿ ಎರಡೂ ಕಡೆಯ ಪಾವಣೆಯರು, ನೆಂಟರಿಷ್ಟರು ಕೂಡಿದರು. ಸಾಮಾನು ಒಪ್ಪಿಸುವ ಹೊತ್ತು. ನಡುವೆ ಕರಿ ಕಂಬಳಿ ಹಾಸಿ ಅರಿಷಿಣದ ಭಂಡಾರ ಎರಚಿದ್ದರು. ಕಂಬಳಿಯ ತಲೆಗೆ ಬೀರದೇವರ ಗುಡಿಯ ಹಿರಿಯ ಮಲಕಾರಿ ಮುತ್ಯಾ ಕುಳಿತಿದ್ದ. ಒಂದೊಂದು ಸಾಮಾನನ್ನೂ ಅವನು ಮುಟ್ಟಿ ಭಂಡಾರ ಹಚ್ಚಿದ ಮೇಲೆಯೇ ಬೀಗತಿಯ ಕೈಗೆ ಹೋಗಬೇಕು. ಒಳಗಿನ ಖೋಲಿಯಲ್ಲಿ ರಾಜೇಶ್ವರಿಯೂ ಮಾಳೇಶನ ತಂಗಿಯೂ ಅರಿಷಿಣ ಹಚ್ಚಿಕೊಂಡು ಅಕ್ಕಪಕ್ಕ ಕುಳಿತಿದ್ದರು. ಬೀರದೇವ ಹಣೆಗೆ ಅರಿಷಿಣ ಬಳಿದುಕೊಂಡು, ಕೈಗೆ ತಾಯಿ ಹೊಸೆದ ಉಣ್ಣೆಯ ಕಂಕಣ ಕಟ್ಟಿಕೊಂಡು ಕಂಬಕ್ಕೆ ಒರಗಿದ್ದ. ಮಾಳೇಶ ಮೊಬೈಲ್ ನೋಡುತ್ತಿದ್ದ. ನೋಡಲು ಸುಮಾರಾಗಿದ್ದ, ಮೀಸೆ ನೀಟಾಗಿ ಕತ್ತರಿಸಿಕೊಂಡಿದ್ದ. ಕೊಲ್ಲುವವರ ಮುಖ ಹೇಗಿರುತ್ತದೆಂದು ಸಕ್ಕುಬಾಯಿಗೆ ಗೊತ್ತಿರಲಿಲ್ಲ. ಹೀಗೆಯೇ ಇರುತ್ತದೇನೋ.

ಬಳೆ ಕೊಟ್ಟಳು. "ಬಳಿ ಭಾಳ ಛಲೋ ಆರಿಸೀರಿ ಬೀಗತಿ" ಎಂದಳು ಚಂದ್ರಮತಿ. ಬಾಸಿಂಗ ಕೊಟ್ಟಳು. ಅರಿಷಿಣ ಕೊಂಬು, ಕೊಬ್ಬರಿ ಬಟ್ಟಲು, ಉತ್ತತ್ತಿ, ಖಣ ಕೊಟ್ಟಳು. ಒಂದರಲ್ಲೂ ಕುಂದಿರಲಿಲ್ಲ. ಕೊನೆಗೆ ಟಾಕಿನ ಪಾಳಿ ಬಂದಾಗ ಚಂದ್ರಮತಿ ಬೇಗ ಕೈ ಚಾಚಿ, "ಅದನ್ನ ಇತ್ತ ಕೊಡ್ರಿ, ಸಣ್ಣದು, ಕಳದೀತು" ಎಂದಳು. ಸಕ್ಕುಬಾಯಿ ಅವಳ ಕೈಗೆ ಕೊಡಲಿಲ್ಲ. ಹಿತ್ತಾಳೆಯ ತಾಟಿನಲ್ಲಿ ಎಲೆಯ ಮೇಲಿಟ್ಟು ಮಲಕಾರಿ ಮುತ್ಯಾನ ಮುಂದೆ ಸರಿಸಿದಳು.

ಮುತ್ಯಾ ಭಂಡಾರ ಹಿಡಿದುಕೊಂಡು ಪದ್ಧತಿಯಂತೆ ಕೇಳಿದ: "ಯಾರ ಹೆಸರಲೆ ಐತಿ, ಹೇಳ್ರಿ."

"ಮನೀಷಾ" ಎಂದಳು ಚಂದ್ರಮತಿ.

ಮುತ್ಯಾ ತಗಡನ್ನು ಕಣ್ಣಿನ ಹತ್ತಿರ ತಂದ. ದೂರ ಹಿಡಿದ. ಮತ್ತೆ ಹತ್ತಿರ ತಂದ. "ಇದರಾಗ ಮೂರು ಮಂದಿ ಅದಾರಲ್ಲಬೇ?"

"ಹೇ ಕಾಯ? ಇದೇನಿದು?" ಎಂದು ಚಂದ್ರಮತಿ ಎದ್ದು ಬಂದು ತಾಟಿನೊಳಗೆ ಬಗ್ಗಿ ನೋಡಿದಳು. ಅವಳ ಮುಖದಿಂದ ರಕ್ತ ಇಳಿಯುವುದನ್ನು ಸಕ್ಕುಬಾಯಿ ಕಣ್ಣಾರೆ ಕಂಡಳು.

"ನಾ ಹೇಳ್ತೀನ್ರಿ ಮುತ್ಯಾ" ಎಂದಳು ಸಕ್ಕುಬಾಯಿ. "ಮೊದಲನೇದಾಕಿ ಸೌಂದರ್ಯಾ, ಬಾವ್ಯಾಗ ಸತ್ತಾಕಿ. ಆಕಿ ಟಾಕ ಬೀಗತಿನ ಗಂಟಿನ್ಯಾಗ ಕೊಟ್ಟಿದ್ರು. ಎರಡನೇದಾಕಿ ಮನೀಷಾ, ಬೆಂಕ್ಯಾಗ ಸತ್ತಾಕಿ. ಆಕಿ ಕಾಲುಂಗುರಾನೂ ಅವರ ಕೊಟ್ಟಿದ್ರು. ಮೂರನೇದಾಕಿ ನನ್ನ ಮಗಳು ರಾಜೇಶ್ವರಿ. ಆಕಿ ಬೆಳ್ಳಿ ನಾ ಹಾಕೀನಿ. ಮುಂದಿನ ಸಲ ಟಾಕ ಮಾಡಸೂ ತ್ರಾಸ ಬೀಗರಿಗೆ ಬ್ಯಾಡ ಅಂತ ಈಗ ಮಾಡಸೀನಿ. ಕಣ್ಣ ಮಾತ್ರ ಹೊಡಿಸಿಲ್ಲ. ಅದನ್ನ ಅವರ ಮನ್ಯಾಗ ಹೊಡೀಲಿ."

ಮುತ್ಯಾನ ಕೈಯಿಂದ ಟಾಕು ಕಂಬಳಿಯ ಮೇಲೆ ಬಿತ್ತು. ಕಣ್ಣಿನ ಕಡೆ ಮೇಲಾಗಿ ಬಿತ್ತು, ಚಂದ್ರಮತಿಯ ಪಾದದ ಹತ್ತಿರ. ಅವಳು ಬೆಂಕಿ ತುಳಿದವಳಂತೆ ಹಿಂದೆ ಹಾರಿದಳು. "ಸೌಂದರ್ಯಾ, ತಪ್ಪಾತವ್ವಾ, ನನ್ನ ಮ್ಯಾಲ ಬರಬ್ಯಾಡ" ಎಂದು ಅವಳ ಬಾಯಿಂದ ತಾನಾಗಿಯೇ ಹೊರಬಿತ್ತು. ನೂರು ಜನ ಕೇಳಿಸಿಕೊಂಡರು. ಮಾಳೇಶ ಮೊಬೈಲ್ ಜೇಬಿಗಿಟ್ಟು, "ಆಯಿ, ಬಾಯಿ ಮುಚ್ಚ" ಎಂದು ಒದರಿದ. ಆಗ ಅವನ ಮುಖವನ್ನು ಎಲ್ಲರೂ ನೋಡಿದರು. ಅವಳು ಬಾಯಿ ಮುಚ್ಚಲಿಲ್ಲ. ಜೀವಂತ ಇರುವಾಗಲೇ ಟಾಕಿನಲ್ಲಿ ಕೂತವಳನ್ನು ತನ್ನ ಹೊಸ್ತಿಲು ತುಳಿಸುವುದಿಲ್ಲ ಎಂದು ಕಿರುಚುತ್ತ ಒಳಗೆ ಹೋಗಿ, ಅರಿಷಿಣದ ಮೈಯಲ್ಲಿದ್ದ ಮಗಳನ್ನು ರಟ್ಟೆ ಹಿಡಿದು ಎಳೆದುಕೊಂಡು ಬಂದಳು. ಅವರು ಬಂದಿದ್ದ ಎರಡು ಕ್ರೂಸರ್ ಗಾಡಿಗಳು ಅರ್ಧ ತಾಸಿನಲ್ಲಿ ಹೊರಟುಹೋದವು.

ಬಾಳಾಸಾಬ ಹೆಂಡತಿಗೆ ಎಲ್ಲರೆದುರು ಎರಡು ಏಟು ಹೊಡೆದ. ಯಾರೂ ಬಿಡಿಸಲಿಲ್ಲ. ಬಿಡಿಸಬೇಕೆಂದು ಅವಳೂ ಕಾಯಲಿಲ್ಲ. ಬೀರದೇವ ಕಂಬ ಬಿಟ್ಟು ಬಂದು, ಉಣ್ಣೆಯ ಕಂಕಣವನ್ನು ಹಲ್ಲಿನಿಂದ ಹರಿದು ಅವಳ ಮುಂದೆ ಇಟ್ಟ. "ನಿಂದು ನೀನ ಇಟ್ಕೊ" ಎಂದ. ಹೊಡೆತಕ್ಕಿಂತ ಅದು ಅವಳಿಗೆ ಹೆಚ್ಚು ಹತ್ತಿತು. ಮರುದಿನ ಅವನು ಕುರಿ ಹೊಡೆದುಕೊಂಡು ಕೊಲ್ಹಾಪುರದ ಕಡೆ ಹೋದವನು ತಾಯಿಗೆ ಒಂದು ಫೋನೂ ಮಾಡಲಿಲ್ಲ. ತಂಗಿಗೆ ಮಾಡುತ್ತಾನೆ, ತಾಯಿಯ ಹೆಸರು ಎತ್ತುವುದಿಲ್ಲ.

ಊರೂ ಹಾಗೆಯೇ. ಹುಡುಗಿ ಉಳಿದಳಲ್ಲ ಎಂದವರು ಇಬ್ಬರು ಮೂವರು. ಉಳಿದವರೆಲ್ಲ, ಹೆತ್ತ ತಾಯಿ ಇಂಥದ್ದು ಮಾಡುತ್ತಾಳೆಯೇ ಎಂದರು. ಟಾಕಿನಲ್ಲಿ ಕೂತ ಹುಡುಗಿಯನ್ನು ಯಾರು ಕೇಳಿಕೊಂಡು ಬರುತ್ತಾರೆ? ಯಾರೂ ಬರಲಿಲ್ಲ. ಮದುಮಗಳ ಸಾಮಾನು ಆರಿಸಲು ಸಕ್ಕುಬಾಯಿಯನ್ನೂ ಯಾರೂ ಕರೆಯಲಿಲ್ಲ. ಲಗ್ನದ ಮನೆಯ ಮುಂದೆ ಅವಳು ಹಾದರೆ ಹೆಂಗಸರು ಬಳೆಯ ಬುಟ್ಟಿಯ ಮೇಲೆ ಸೆರಗು ಮುಚ್ಚುತ್ತಾರೆ. ನಲವತ್ತು ಹುಡುಗಿಯರಲ್ಲಿ ಇಬ್ಬರು ಅವಳು ಆರಿಸಿದ ಕಾಲುಂಗುರ ಬದಲಿಸಿದರಂತೆ. ಅದನ್ನು ಕೇಳಿದ ದಿನ ಅವಳು ಹಟ್ಟಿಯಲ್ಲಿ ಕುಳಿತು ಮನಸಾರೆ ಅತ್ತಳು.

ರಾಜೇಶ್ವರಿ ಒಂದು ತಿಂಗಳು ತಾಯಿಯ ಜೊತೆ ಮಾತಾಡಲಿಲ್ಲ. ಒಂದು ದಿನ ನೀರು ತುಂಬುವಾಗ, "ನನ್ನ ಜೀವಂತ ಹುಗದಿ ಅವ್ವಾ" ಎಂದಳು. "ಹೌದು" ಎಂದಳು ಸಕ್ಕುಬಾಯಿ. ಬೇರೆ ಏನು ಹೇಳಬೇಕು? ಅಥಣಿಯ ಕಡೆ ಮಾಳೇಶನಿಗೆ ಮತ್ತೆ ಹೆಣ್ಣು ನೋಡುತ್ತಿದ್ದಾರೆ ಎಂಬ ಸುದ್ದಿ ಬಂದಾಗ ಮಾತ್ರ ಹುಡುಗಿ ತಾನಾಗಿಯೇ ಬಂದು, ತಾಯಿಯ ಕೊರಳಲ್ಲಿದ್ದ ಟಾಕನ್ನು ಎತ್ತಿ ಹಿಡಿದು ಮೊಬೈಲಿನಲ್ಲಿ ಫೋಟೊ ತೆಗೆದಳು. ಮಾಳೇಶನ ಹೆಸರು, ಊರು ಬರೆದು ಗುರಪ್ಪನಿಗೆ ಕಳಿಸಿದಳು. ಗುರಪ್ಪ ಅಥಣಿ, ರಾಯಬಾಗ, ಕಾಗವಾಡದ ಪತ್ತಾರರಿಗೆಲ್ಲ ಕಳಿಸಿದ. ಆ ಹೆಣ್ಣಿನ ಮನೆಯವರಿಗೆ ಅದು ಮುಟ್ಟಿತೋ ಇಲ್ಲವೋ ಇನ್ನೂ ಗೊತ್ತಾಗಿಲ್ಲ.

ಹೌದು, ಟಾಕು ಈಗ ಸಕ್ಕುಬಾಯಿಯ ಕೊರಳಲ್ಲಿದೆ. ಚಂದ್ರಮತಿ ಒಯ್ಯಲಿಲ್ಲ, ಗುರಪ್ಪ ಕರಗಿಸುವುದಿಲ್ಲ ಎಂದ, ಹೊಳೆಗೆ ಬಿಡಲು ಇವಳಿಗೆ ಮನಸ್ಸಾಗಲಿಲ್ಲ. ಆ ಇಬ್ಬರು ಹುಡುಗಿಯರು ಇನ್ನೆಷ್ಟು ಮನೆ ತಿರುಗಬೇಕು? ತವರಿನವಳು ಎಂದು ಒಪ್ಪಿ ಗಂಟು ಇಸಿದುಕೊಂಡವಳು ತಾನೇ. ಬಗ್ಗಿ ಕಸ ಹೊಡೆಯುವಾಗ ಅದು ತಾಳಿಗೆ ತಾಕಿ ಸಣ್ಣಗೆ ಸದ್ದು ಮಾಡುತ್ತದೆ.

ಮೊನ್ನೆಯ ಅಮಾವಾಸ್ಯೆಯ ಮಧ್ಯಾಹ್ನ ಅವಳು ಹಿತ್ತಲಿನಲ್ಲಿ ಮುತ್ತಲ ಎಲೆ ಹಾಸಿ ಹೋಳಿಗೆ, ಅನ್ನ, ಕಟ್ಟಿನ ಸಾರು ಬಡಿಸಿದಳು. ಸೌಂದರ್ಯಾ ಎಂದು ಹೆಸರು ಹೇಳಿ ಒಂದು ಎಡೆಗೆ ನೀರು ಬಿಟ್ಟಳು. ಮನೀಷಾ ಎಂದು ಇನ್ನೊಂದಕ್ಕೆ ಬಿಟ್ಟಳು. ರಾಜೇಶ್ವರಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಮೂರು ಮಂದಿ ಅದಾರಲ್ಲವ್ವಾ. ಎಡಿ ಎರಡ ಯಾಕ?"

ಸಕ್ಕುಬಾಯಿ ತಿರುಗಿ ನೋಡದೆ ತಂಬಿಗೆ ಕೆಳಗಿಟ್ಟಳು.

"ನಿನ್ನ ತಾಟ ಒಳಗೈತಿ. ಆರೂದ್ರೊಳಗ ಹೋಗಿ ಉಣ್ಣು."